ಹೆದ್ದಾರಿಯಲ್ಲಿ ಪಿಕಪ್ ವಾಹನದ ಮುಂಭಾಗ ನಡುಗುವುದೇಕೆ?



ಹೊಸಕೋಟೆ, ಮಾಲೂರು, ಕೋಲಾರದ ಕಡೆಯಿಂದ ಬೆಂಗಳೂರಿಗೆ ತರಕಾರಿ ತರುವ ರೈತರ ಪೈಕಿ ಸ್ವಂತ ಪಿಕಪ್ ವಾಹನ ಇಟ್ಟುಕೊಂಡವರು ಈಗ ಅನೇಕರಿದ್ದಾರೆ. ಹಿಂದೆ ಎತ್ತಿನ ಬಂಡಿಯ ಅಚ್ಚು, ಗುಂಬ, ಕಡಾಣಿಗಳನ್ನು ರೈತನೇ ನೋಡಿಕೊಳ್ಳುತ್ತಿದ್ದ. ಕಡಾಣಿ ಸಡಿಲವಾದರೆ ಚಕ್ರ ಕಳಚುತ್ತದೆಂಬುದು ಮನೆಯ ಹುಡುಗನಿಗೂ ಗೊತ್ತಿತ್ತು. ಪಿಕಪ್ ವಾಹನದ ವಿಷಯದಲ್ಲಿ ಮಾತ್ರ ಎಲ್ಲವನ್ನೂ ಮೆಕ್ಯಾನಿಕ್‌ಗೆ ಬಿಟ್ಟು ಸುಮ್ಮನಿರುವ ರೂಢಿ ಬೆಳೆದಿದೆ. ಈ ರೂಢಿಯಿಂದ ಹಣವೂ ಹೋಗುತ್ತದೆ, ಕೆಲವೊಮ್ಮೆ ಪ್ರಾಣಕ್ಕೂ ಸಂಚಕಾರ ಬರುತ್ತದೆ. ಹೆದ್ದಾರಿಯಲ್ಲಿ ವೇಗ ಹಿಡಿದಾಗ ವಾಹನದ ಮುಂಭಾಗ ನಡುಗುವ ತೊಂದರೆ ಇದಕ್ಕೆ ಒಳ್ಳೆಯ ಉದಾಹರಣೆ.

ದೋಷ ಹುಟ್ಟುವುದು ಒಂದು ಕಡೆ, ಕಾಣುವುದು ಇನ್ನೊಂದು ಕಡೆ

ಒಬ್ಬ ರೈತನು ಹೊಸಕೋಟೆಯ ಹತ್ತಿರದ ತನ್ನ ಹೊಲದಿಂದ ಟೊಮೆಟೊ ತುಂಬಿಕೊಂಡು ಬೆಳಗಿನ ಜಾವ ಹೊರಟನೆಂದು ಇಟ್ಟುಕೊಳ್ಳೋಣ. ಕೆ.ಆರ್. ಪುರದವರೆಗೆ ಹೆದ್ದಾರಿ. ಅಲ್ಲಿಂದ ಹಳೆ ಮದರಾಸು ರಸ್ತೆ ಹಿಡಿದು ಒಳಕ್ಕೆ ತಿರುಗಿ ಕಗ್ಗದಾಸಪುರದ ಅಂಗಡಿಗಳಿಗೆ ಮಾಲು ಇಳಿಸಬೇಕು. ಒಂದು ಕಾಲಕ್ಕೆ ಕೆರೆಯ ಅಂಚಿನ ಹಳ್ಳಿಯಾಗಿದ್ದ ಕಗ್ಗದಾಸಪುರ ಇಂದು ದಟ್ಟವಾದ ಬಡಾವಣೆ. ಹೊಸೂರು ಕಡೆಗೆ ಹೋಗುವ ರೈಲು ಮಾರ್ಗ ಪಕ್ಕದಲ್ಲೇ ಇದೆ. ಅದರ ಗೇಟಿನ ಬಳಿ ವಾಹನಗಳು ಸಾಲುಗಟ್ಟಿ ನಿಲ್ಲುತ್ತಿದ್ದುದು ಆ ಭಾಗದವರಿಗೆಲ್ಲ ಗೊತ್ತಿರುವ ಸಂಗತಿ. ರಸ್ತೆ ಕಿರಿದು, ಕೊಳವೆಗಾಗಿ ಅಗೆದು ಮುಚ್ಚಿದ ಕಡೆ ಹೊಂಡ, ಮಳೆಗಾಲದಲ್ಲಿ ಹೊಂಡದ ತುಂಬ ನೀರು. ತುಂಬಿದ ವಾಹನದ ಮುಂದಿನ ಎಡಚಕ್ರ ಅಂಥ ಒಂದು ಹೊಂಡಕ್ಕೆ ಬಿದ್ದು ಎದ್ದಿತು. ವೇಗ ಹತ್ತು ಹದಿನೈದು ಕಿಲೋಮೀಟರು ಮಾತ್ರ. ಚಾಲಕನಿಗೆ ಏನೂ ಆದಂತೆ ತೋರಲಿಲ್ಲ.

ಮಾಲು ಇಳಿಸಿ ಖಾಲಿ ವಾಹನದೊಡನೆ ಹಿಂದಿರುಗುವಾಗ, ಕೆ.ಆರ್. ಪುರ ದಾಟಿ ವೇಗ 70 ಮುಟ್ಟಿದೊಡನೆ ಸ್ಟಿಯರಿಂಗ್ ಚಕ್ರ ಕೈಯಲ್ಲಿ ನಡುಗತೊಡಗಿತು. 80ಕ್ಕೆ ಬಾನೆಟ್ಟೂ ಅದುರಿತು. ರೈತ ಹೆದ್ದಾರಿಯನ್ನು ಬೈದನು, ಎಂಜಿನ್ನನ್ನು ಶಂಕಿಸಿದನು. ಆದರೆ ದೋಷ ಹುಟ್ಟಿದ್ದು ಕಗ್ಗದಾಸಪುರದ ಹೊಂಡದಲ್ಲಿ. ನಿಧಾನದ ದಾರಿಯಲ್ಲಿ ಆದ ಪೆಟ್ಟು ವೇಗದ ದಾರಿಯಲ್ಲಿ ಮಾತನಾಡುತ್ತದೆ ಎಂಬುದೇ ಈ ವಿಷಯದಲ್ಲಿ ಮೊದಲು ತಿಳಿಯಬೇಕಾದ ಮಾತು.

80ರ ವೇಗದಲ್ಲೇ ಏಕೆ?

ಸಾಮಾನ್ಯ ಪಿಕಪ್ ವಾಹನದ ಟೈರಿನ ಸುತ್ತಳತೆ ಸುಮಾರು 2 ಮೀಟರಿಗೆ ಸ್ವಲ್ಪ ಹೆಚ್ಚು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅಂಥ ಚಕ್ರ ಸೆಕೆಂಡಿಗೆ ಹತ್ತೂವರೆ ಸುತ್ತು ತಿರುಗುತ್ತದೆ. ಚಕ್ರದ ತೂಕ ಸುತ್ತಲೂ ಸಮನಾಗಿದ್ದರೆ ತೊಂದರೆ ಇಲ್ಲ. ಹೊಂಡದ ಪೆಟ್ಟಿಗೆ ರಿಮ್ಮಿನ ಅಂಚಿನ ಸೀಸದ ತುಂಡೊಂದು ಉದುರಿ, ಒಂದು ಬದಿ 50 ಗ್ರಾಂ ಹೆಚ್ಚು ಭಾರವಾಯಿತೆನ್ನೋಣ. ಅಚ್ಚಿನಿಂದ 20 ಸೆಂಟಿಮೀಟರು ದೂರದಲ್ಲಿರುವ ಆ 50 ಗ್ರಾಂ, 40 ಕಿ.ಮೀ. ವೇಗದಲ್ಲಿ ಸುಮಾರು ಒಂದು ಕಿಲೋ ತೂಕದಷ್ಟು ಬಲದಿಂದ ಚಕ್ರವನ್ನು ಎಳೆಯುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಆದ್ದರಿಂದ 80ರ ವೇಗದಲ್ಲಿ ಅದೇ 50 ಗ್ರಾಂ ನಾಲ್ಕೂವರೆ ಕಿಲೋ ತೂಕದ ಬಲವಾಗಿ, ಸೆಕೆಂಡಿಗೆ ಹತ್ತಕ್ಕಿಂತ ಹೆಚ್ಚು ಬಾರಿ ಗುದ್ದುತ್ತದೆ.

ಇದರ ಜೊತೆಗೆ ಇನ್ನೊಂದು ಕಾರಣವಿದೆ. ಉಯ್ಯಾಲೆಗೆ ತನ್ನದೇ ಆದ ಒಂದು ಲಯವಿರುವಂತೆ, ಸ್ಪ್ರಿಂಗಿಗೂ ಟೈರಿಗೂ ನಡುವೆ ಸಿಕ್ಕಿಕೊಂಡಿರುವ ಮುಂದಿನ ಚಕ್ರಕ್ಕೂ ಕುಣಿಯುವ ಲಯವಿದೆ. ಅದು ಸಾಮಾನ್ಯವಾಗಿ ಸೆಕೆಂಡಿಗೆ ಹತ್ತರಿಂದ ಹದಿನೈದು ಬಾರಿ. ಉಯ್ಯಾಲೆಯ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳಿಕೆಗೂ ಅದು ಎತ್ತರಕ್ಕೆ ಹೋಗುತ್ತದೆ. ಹಾಗೆಯೇ ಚಕ್ರದ ಸುತ್ತು ಮತ್ತು ಕುಣಿತದ ಲಯ ಕೂಡಿದ ವೇಗದಲ್ಲಿ ನಡುಕ ಅತಿ ಹೆಚ್ಚಾಗಿ, ಆ ವೇಗ ದಾಟಿದರೆ ಕಡಿಮೆಯಾಗುತ್ತದೆ. ಕೆಲವು ಚಾಲಕರು ‘ಇನ್ನೂ ಜೋರಾಗಿ ಓಡಿಸಿದರೆ ನಡುಕ ನಿಲ್ಲುತ್ತದೆ’ ಎನ್ನುವುದು ಇದರಿಂದಲೇ. ನಡುಕ ನಿಂತರೂ ದೋಷ ಹೋಗಿರುವುದಿಲ್ಲ. 2018ರ ಕೇಂದ್ರ ಸರ್ಕಾರದ ಅಧಿಸೂಚನೆಯಂತೆ ನಾಲ್ಕು ಪಥದ ವಿಭಜಿತ ಹೆದ್ದಾರಿಯಲ್ಲಿ ಸರಕು ವಾಹನಗಳ ಗರಿಷ್ಠ ವೇಗವೇ 80 ಕಿ.ಮೀ. ಎಂಬುದನ್ನೂ ನೆನಪಿಡಬೇಕು.

ಕಗ್ಗದಾಸಪುರಕ್ಕೆ ಹೊಂದಿಕೊಂಡಿರುವ ಸಿ.ವಿ. ರಾಮನ್ ನಗರದಲ್ಲಿ ರಕ್ಷಣಾ ಇಲಾಖೆಯ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ಅಧ್ಯಯನವಾಗುವಂಥ ಜೆಟ್ ಎಂಜಿನ್ನಿನ ತಿರುಗುವ ಭಾಗಕ್ಕೂ ರೈತನ ಪಿಕಪ್ಪಿನ ಚಕ್ರಕ್ಕೂ ಅನ್ವಯಿಸುವ ನಿಯಮ ಒಂದೇ: ತಿರುಗುವ ವಸ್ತುವಿನ ತೂಕ ಸುತ್ತಲೂ ಸಮನಾಗಿರಬೇಕು.

ಹೊಲದ ಮಣ್ಣೂ ಕಾರಣ

ಪೇಟೆಯ ವಾಹನಗಳಿಗಿಲ್ಲದ ಒಂದು ಕಾರಣ ರೈತರ ವಾಹನಗಳಿಗಿದೆ. ಹಸಿ ಹೊಲದೊಳಗೆ ಇಳಿದ ವಾಹನದ ರಿಮ್ಮಿನ ಒಳಮೈಗೆ ಕೆಮ್ಮಣ್ಣು ಮೆತ್ತಿಕೊಂಡು ಒಂದೇ ಬದಿಯಲ್ಲಿ ಒಣಗುತ್ತದೆ. ಹೊರಗಿನಿಂದ ನೋಡಿದರೆ ಇದು ಕಾಣುವುದಿಲ್ಲ. ಇಂಥ ಒಂದು ಹೆಂಟೆ 200 ಗ್ರಾಂ ತೂಗಿದರೆ, 80ರ ವೇಗದಲ್ಲಿ ಅದರ ಎಳೆತ ಸುಮಾರು 16 ಕಿಲೋ ತೂಕಕ್ಕೆ ಸಮ. ಗ್ಯಾರೇಜಿಗೆ ಹೋಗುವ ಮೊದಲು ನಾಲ್ಕೂ ಚಕ್ರಗಳ ಒಳಮೈಯನ್ನು ಕಡ್ಡಿಯಿಂದ ಕೆರೆದು ನೀರಿನಿಂದ ತೊಳೆಯುವುದು ಖರ್ಚಿಲ್ಲದ ಮೊದಲ ಚಿಕಿತ್ಸೆ. ಎಷ್ಟೋ ವೇಳೆ ಇಷ್ಟರಿಂದಲೇ ನಡುಕ ನಿಲ್ಲುತ್ತದೆ.

ಮೊದಲು ಗಮನಿಸಬೇಕಾದ ಲಕ್ಷಣಗಳು

ಬೆಳೆಗೆ ರೋಗ ಬಂದಾಗ ಎಲೆಯ ಚುಕ್ಕೆಯನ್ನು ನೋಡದೆ ಔಷಧ ಸಿಂಪಡಿಸುವುದು ತಪ್ಪು. ಇಲ್ಲಿಯೂ ಹಾಗೆಯೇ. ಲಕ್ಷಣ ನೋಡದೆ ಬಿಡಿಭಾಗ ಬದಲಾಯಿಸುವುದು ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂಬ ಗಾದೆಯಂತಾಗುತ್ತದೆ. ಕೆಳಗಿನ ಲಕ್ಷಣಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದಂತೆ.

1. ನಡುಕ 65–70 ಕಿ.ಮೀ. ವೇಗದಲ್ಲಿ ಆರಂಭವಾಗಿ 80ರ ಸುಮಾರಿಗೆ ಹೆಚ್ಚಾಗುವುದೆ? ಹಾಗಿದ್ದರೆ ಬಹುಮಟ್ಟಿಗೆ ಚಕ್ರದ ತೂಕದ ಅಸಮತೆ ಕಾರಣ. ಸ್ಟಿಯರಿಂಗ್ ನಡುಗಿದರೆ ಮುಂದಿನ ಚಕ್ರಗಳನ್ನೂ, ಸೀಟು ಮತ್ತು ನೆಲ ಹೆಚ್ಚು ನಡುಗಿದರೆ ಹಿಂದಿನ ಚಕ್ರ ಅಥವಾ ಪ್ರೊಪೆಲರ್ ಶಾಫ್ಟನ್ನೂ ಶಂಕಿಸಬೇಕು.

2. 20–40 ಕಿ.ಮೀ. ವೇಗದಲ್ಲಿಯೇ ವಾಹನ ಕುಂಟಿದಂತೆ ಏಳುತ್ತ ಬೀಳುತ್ತ ಹೋಗುವುದೆ? ಆಗ ಟೈರು ಉಬ್ಬಿರಬಹುದು, ಒಳಪದರ ಬಿಟ್ಟಿರಬಹುದು ಅಥವಾ ರಿಮ್ಮು ಬಾಗಿರಬಹುದು.

3. ಬ್ರೇಕು ಒತ್ತಿದಾಗ ಮಾತ್ರ ನಡುಗುವುದೆ? ಬ್ರೇಕ್ ಡಿಸ್ಕಿನ ದಪ್ಪ ಏರುಪೇರಾಗಿರುವುದು ಇಲ್ಲವೆ ಡ್ರಮ್ಮು ದುಂಡಗಿಲ್ಲದಿರುವುದು ಕಾರಣ. ಚಕ್ರದ ನಟ್ಟುಗಳನ್ನು ಒಂದು ಬಿಗಿ, ಒಂದು ಸಡಿಲವಾಗಿ ಕಟ್ಟಿದರೂ ಕಾಲಕ್ರಮದಲ್ಲಿ ಡಿಸ್ಕು ಕೆಡುತ್ತದೆ.

4. ಹೊಂಡಕ್ಕೆ ಬಿದ್ದೊಡನೆ ಮುಂದಿನ ಚಕ್ರಗಳು ಎಡಬಲಕ್ಕೆ ಹುಚ್ಚು ಹಿಡಿದಂತೆ ಬಡಿದುಕೊಂಡು, ವೇಗ ಪೂರ್ತಿ ತಗ್ಗುವವರೆಗೂ ನಿಲ್ಲದಿರುವುದೆ? ಇದು ಅಪಾಯದ ಚಿಹ್ನೆ. ಮುಂದೆ ಗಟ್ಟಿ ಆಕ್ಸಲ್ ಇರುವ ವಾಹನಗಳಲ್ಲಿ ಇದು ಹೆಚ್ಚು. ಕಿಂಗ್‌ಪಿನ್, ಟೈರಾಡ್ ತುದಿ ಮುಂತಾದ ಕೀಲುಗಳು ಸವೆದಿರುವ ಸಾಧ್ಯತೆ ಇರುತ್ತದೆ. ಇಂಥ ಸಮಯದಲ್ಲಿ ಬ್ರೇಕನ್ನು ಒಮ್ಮೆಲೇ ತುಳಿಯದೆ, ಸ್ಟಿಯರಿಂಗನ್ನು ಎರಡು ಕೈಯಿಂದ ಹಿಡಿದು, ಆಕ್ಸಿಲರೇಟರ್ ಬಿಟ್ಟು ಮೆಲ್ಲಗೆ ವೇಗ ತಗ್ಗಿಸಿ ರಸ್ತೆಯ ಪಕ್ಕಕ್ಕೆ ನಿಲ್ಲಿಸಬೇಕು.

5. ನಡುಕ ಎಂಜಿನ್ನಿನದೋ ಚಕ್ರದ್ದೋ ಎಂಬ ಸಂಶಯವೆ? ಸ್ವಲ್ಪ ನಡುಕ ಇರುವ ಒಂದು ವೇಗವನ್ನು ಹಾಗೆಯೇ ಉಳಿಸಿಕೊಂಡು ಒಂದು ಗೇರು ಕೆಳಗಿಳಿಸಬೇಕು. ಎಂಜಿನ್ನಿನ ಸುತ್ತು ಹೆಚ್ಚಾದರೂ ನಡುಕ ಬದಲಾಗದಿದ್ದರೆ ದೋಷ ಚಕ್ರದ ಕಡೆ ಇದೆ. ವಾಹನ ನಿಂತಿರುವಾಗ ಎಂಜಿನ್ ಏರಿಸಿದರೂ ನಡುಗಿದರೆ ದೋಷ ಎಂಜಿನ್ ಅಥವಾ ಅದರ ರಬ್ಬರು ಪೀಠದಲ್ಲಿದೆ. ಪರೀಕ್ಷೆಗೆಂದು ಹೆದ್ದಾರಿಯಲ್ಲಿ ನ್ಯೂಟ್ರಲ್ ಮಾಡಿ ಓಡಿಸಕೂಡದು.

6. ಹಲವು ದಿನ ಹೇರಿನೊಡನೆ ನಿಂತ ವಾಹನ ಮೊದಲ ಕೆಲವು ಕಿಲೋಮೀಟರು ಮಾತ್ರ ನಡುಗಿ ಸರಿಹೋಗುವುದೆ? ನೆಲಕ್ಕೆ ತಾಗಿದ ಕಡೆ ಟೈರು ಚಪ್ಪಟೆಯಾಗಿತ್ತೆಂದು ತಿಳಿಯಬೇಕು. ಟೈರು ಬಿಸಿಯಾದ ಮೇಲೆ ಇದು ತಾನಾಗಿ ಹೋಗುತ್ತದೆ.

ಮನೆಯಂಗಳದಲ್ಲಿ ಮಾಡಬಹುದಾದ ಪರೀಕ್ಷೆ

ಬೆಳಿಗ್ಗೆ ವಾಹನ ಓಡಿಸುವ ಮೊದಲು, ಟೈರು ತಣ್ಣಗಿರುವಾಗ, ಗಾಳಿಯ ಒತ್ತಡ ನೋಡಬೇಕು. ಎಷ್ಟಿರಬೇಕೆಂಬುದು ವಾಹನದ ಕೈಪಿಡಿಯಲ್ಲಿದೆ. ಅನಂತರ ಟೈರಿನ ಮೈಮೇಲೆ ಮತ್ತು ಎರಡು ಬದಿಗಳಲ್ಲಿ ಅಂಗೈ ಆಡಿಸಿ ನೋಡಬೇಕು. ಉಬ್ಬು ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತದೆ. ಸವೆತವೂ ಕಥೆ ಹೇಳುತ್ತದೆ. ಎರಡು ಅಂಚೂ ಸವೆದಿದ್ದರೆ ಗಾಳಿ ಕಡಿಮೆ. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಚಕ್ರದ ಕೋನ ತಪ್ಪಿದೆ. ಅಲ್ಲಲ್ಲಿ ತಟ್ಟೆಯಂತೆ ತಗ್ಗುಬಿದ್ದಿದ್ದರೆ ಷಾಕ್ ಅಬ್ಸಾರ್ಬರ್ ಸೋತಿರಬಹುದು ಇಲ್ಲವೆ ಚಕ್ರದ ತೂಕ ಸಮನಿಲ್ಲ. ಟೈರಿನ ಬದಿಯಲ್ಲಿ ಅದು ತಯಾರಾದ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚು ಹಾಕಿರುತ್ತಾರೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ಎಂದರ್ಥ. ಹಳೆಯ ಟೈರನ್ನು ಹೊಸದೆಂದು ಕೊಂಡು ಮೋಸಹೋಗದಿರಲು ಇದು ಉಪಯುಕ್ತ.

ಮುಂದೆ ಜಾಕು ಹಾಕಿ ನೋಡಬೇಕು. ಗಟ್ಟಿಯಾದ ಸಮತಟ್ಟು ನೆಲದಲ್ಲಿ, ಖಾಲಿ ವಾಹನವನ್ನು ಕೈಬ್ರೇಕು ಹಾಕಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಮರದ ತುಂಡು ಇಟ್ಟು, ಮುಂದಿನ ಒಂದು ಚಕ್ರವನ್ನು ನೆಲ ಬಿಡುವಷ್ಟು ಮಾತ್ರ ಎತ್ತಬೇಕು. ಚಾಸಿಯ ಕೆಳಗೆ ಗಟ್ಟಿಯಾದ ಆಧಾರ ಕೊಡದೆ, ಬರಿಯ ಜಾಕನ್ನು ನಂಬಿ ಯಾರೂ ವಾಹನದ ಕೆಳಗೆ ಹೋಗತಕ್ಕದ್ದಲ್ಲ.

ಚಕ್ರವನ್ನು ಮೇಲೂ ಕೆಳಗೂ, ಅಂದರೆ ಗಡಿಯಾರದ 12 ಮತ್ತು 6ರ ಸ್ಥಾನದಲ್ಲಿ ಹಿಡಿದು ಅಲುಗಿಸಬೇಕು. ಸಡಿಲ ಕಂಡರೆ ಇನ್ನೊಬ್ಬರಿಂದ ಬ್ರೇಕು ಒತ್ತಿಸಿ ಮತ್ತೆ ಅಲುಗಿಸಬೇಕು. ಬ್ರೇಕು ಒತ್ತಿದಾಗ ಸಡಿಲ ಮಾಯವಾದರೆ ದೋಷ ಚಕ್ರದ ಬೇರಿಂಗಿನದು. ಆಗಲೂ ಉಳಿದರೆ ಬಾಲ್‌ಜಾಯಿಂಟ್ ಅಥವಾ ಕಿಂಗ್‌ಪಿನ್ ಸವೆದಿದೆ. ಆಮೇಲೆ 9 ಮತ್ತು 3ರ ಸ್ಥಾನದಲ್ಲಿ ಹಿಡಿದು ಅಲುಗಿಸಬೇಕು. ಅಲ್ಲಿ ಮಾತ್ರ ಸಡಿಲವಿದ್ದರೆ ಟೈರಾಡ್ ತುದಿ ಅಥವಾ ಸ್ಟಿಯರಿಂಗ್ ಭಾಗಗಳನ್ನು ನೋಡಬೇಕು.

ಚಕ್ರ ಎತ್ತಿರುವಾಗಲೇ ನೆಲದಲ್ಲಿ ಒಂದು ಇಟ್ಟಿಗೆಯ ಮೇಲೆ ಕಡ್ಡಿಯನ್ನಿಟ್ಟು, ಅದರ ತುದಿ ಟೈರಿಗೆ ತಾಗೀತಾಗದಂತೆ ಹೊಂದಿಸಿ ಚಕ್ರವನ್ನು ನಿಧಾನವಾಗಿ ತಿರುಗಿಸಬೇಕು. ಕಡ್ಡಿಗೂ ಟೈರಿಗೂ ನಡುವಿನ ಸಂದು ಒಂದೂವರೆ ಎರಡು ಮಿಲಿಮೀಟರಿಗಿಂತ ಹೆಚ್ಚು ಏರುಪೇರಾದರೆ ಟೈರು ಅಥವಾ ರಿಮ್ಮು ದುಂಡಗಿಲ್ಲ. ಅದೇ ಕಡ್ಡಿಯನ್ನು ರಿಮ್ಮಿಗೆ ಹಿಡಿದರೆ ಎರಡರಲ್ಲಿ ಯಾವುದೆಂದು ಗೊತ್ತಾಗುತ್ತದೆ.

ಇನ್ನೊಂದು ಸುಲಭ ಪರೀಕ್ಷೆಯಿದೆ. ಮುಂದಿನ ಮತ್ತು ಹಿಂದಿನ ಟೈರುಗಳು ಒಂದೇ ಅಳತೆಯವಾಗಿದ್ದು, ಹಿಂದೆ ಒಂಟಿ ಚಕ್ರಗಳಿದ್ದರೆ, ಮುಂದಿನವನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಓಡಿಸಿ ನೋಡಬಹುದು. ನಡುಕ ಸ್ಟಿಯರಿಂಗಿನಿಂದ ಸೀಟಿಗೆ ಹೋದರೆ ದೋಷ ಆ ಚಕ್ರಗಳಲ್ಲೇ ಇದೆ. ಸ್ಟಿಯರಿಂಗಿನಲ್ಲೇ ಉಳಿದರೆ ದೋಷ ವಾಹನದ ಮುಂಭಾಗದ ಕೀಲುಗಳಲ್ಲೋ ಹಬ್ಬಿನಲ್ಲೋ ಇದೆ.

ಬ್ಯಾಲೆನ್ಸಿಂಗ್ ಬೇರೆ, ಅಲೈನ್‌ಮೆಂಟ್ ಬೇರೆ

ಈ ಎರಡು ಪದಗಳನ್ನು ಒಂದೇ ಎಂದು ತಿಳಿದು ಹಣ ಕಳೆದುಕೊಳ್ಳುವವರು ಬಹಳ. ಬ್ಯಾಲೆನ್ಸಿಂಗ್ ಎಂದರೆ ಚಕ್ರವನ್ನು ಬಿಚ್ಚಿ ಯಂತ್ರದಲ್ಲಿ ತಿರುಗಿಸಿ, ಹಗುರವಿರುವ ಕಡೆ ಸಣ್ಣ ತೂಕದ ತುಂಡು ಸೇರಿಸಿ ಸಮ ಮಾಡುವುದು. ಅಲೈನ್‌ಮೆಂಟ್ ಎಂದರೆ ಎರಡು ಚಕ್ರಗಳ ಕೋನವನ್ನು ಸರಿಪಡಿಸುವುದು. ವಾಹನ ಒಂದು ಬದಿಗೆ ಎಳೆದರೆ ಅಥವಾ ಟೈರಿನ ಒಂದೇ ಅಂಚು ಸವೆದರೆ ಬೇಕಾದುದು ಅಲೈನ್‌ಮೆಂಟ್. 80ರ ವೇಗದಲ್ಲಿ ಸ್ಟಿಯರಿಂಗ್ ನಡುಗಿದರೆ ಮೊದಲು ಬೇಕಾದುದು ಬ್ಯಾಲೆನ್ಸಿಂಗ್. ಸವೆದ ಕೀಲುಗಳನ್ನು ಹಾಗೆಯೇ ಬಿಟ್ಟು ಅಲೈನ್‌ಮೆಂಟ್ ಮಾಡಿಸುವುದು, ನೆಟ್ಟ ಗೂಟ ಅಲ್ಲಾಡುತ್ತಿರುವಾಗಲೇ ಬೇಲಿಯನ್ನು ನೇರ ಮಾಡಿದಂತೆ. ಒಂದೇ ದಿನಕ್ಕೆ ಮತ್ತೆ ಸೊಟ್ಟಗಾಗುತ್ತದೆ.

ಬ್ಯಾಲೆನ್ಸಿಂಗ್ ಮಾಡಿಸುವಾಗ ರೈತನು ಪಕ್ಕದಲ್ಲೇ ನಿಲ್ಲಬೇಕು. ಚಕ್ರ ತೊಳೆದಿರಬೇಕು. ಹಳೆಯ ತೂಕಗಳನ್ನು ತೆಗೆದು ಹೊಸದಾಗಿ ಆರಂಭಿಸಬೇಕು. ತೂಕ ಹಾಕಿದ ಮೇಲೆ ಮತ್ತೊಮ್ಮೆ ತಿರುಗಿಸಿ ಯಂತ್ರ ಸೊನ್ನೆ ತೋರಿಸುವುದನ್ನು ಕಣ್ಣಾರೆ ನೋಡಬೇಕು. ಒಂದೇ ಚಕ್ರಕ್ಕೆ ಬಹಳ ತೂಕ ಬೇಕಾಗಿ ಬಂದರೆ ಆ ಟೈರಿನಲ್ಲೋ ರಿಮ್ಮಿನಲ್ಲೋ ಬೇರೆ ದೋಷವಿದೆ ಎಂದು ತಿಳಿಯಬೇಕು.

ಚಕ್ರ ಮರಳಿ ಹಾಕುವಾಗ ಹಬ್ಬಿಗೂ ರಿಮ್ಮಿಗೂ ನಡುವಿನ ತುಕ್ಕು, ಮಣ್ಣು ತೆಗೆಯದಿದ್ದರೆ ಚಕ್ರ ಸರಿಯಾಗಿ ಕೂರುವುದಿಲ್ಲ. ಮಾಡಿಸಿದ ಬ್ಯಾಲೆನ್ಸಿಂಗೂ ವ್ಯರ್ಥ. ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿತ ನೋಡಬೇಕು.

ಹೇರು ಹಾಕುವ ಕ್ರಮ

ಕೋಲಾರದ ಮಾರುಕಟ್ಟೆಯ ಟೊಮೆಟೊ ಬಾಕ್ಸು 15 ಕಿಲೋ. ನೂರು ಬಾಕ್ಸು ಹೇರಿದರೆ ಬಾಕ್ಸಿನ ತೂಕ ಬಿಟ್ಟು ಒಂದೂವರೆ ಟನ್ನು ಆಯಿತು. ವಾಹನದ ನೋಂದಣಿ ಪತ್ರದಲ್ಲಿರುವ ಮಿತಿಗೆ ಇದನ್ನು ಹೋಲಿಸಿ ನೋಡಬೇಕು. ಭಾರವೆಲ್ಲ ಹಿಂದಿನ ಆಕ್ಸಲ್ಲಿನ ಆಚೆಗೆ ಬಿದ್ದರೆ, ಹಿಂದೆ ಭಾರವಾದ ಬಂಡಿಯ ಮೂಕಿ ಮೇಲೇಳುವಂತೆ, ವಾಹನದ ಮುಂಭಾಗ ಹಗುರಾಗಿ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ಸಣ್ಣ ದೋಷವೂ ಆಗ ದೊಡ್ಡ ನಡುಕವಾಗುತ್ತದೆ. ನಡುಗುವ ವಾಹನದಲ್ಲಿ ಹಣ್ಣುಗಳು ಒಂದಕ್ಕೊಂದು ಉಜ್ಜಿ ಜಜ್ಜಿಹೋಗುತ್ತವೆ ಎಂಬುದು ಬೇರೆ ನಷ್ಟ.

ಯಾವಾಗ ಓಡಿಸಲೇಬಾರದು?

ಒಂದೇ ಪ್ರಯಾಣದಲ್ಲಿ ನಡುಕ ಕ್ಷಣಕ್ಷಣಕ್ಕೆ ಹೆಚ್ಚುತ್ತಿದ್ದರೆ ಚಕ್ರದ ನಟ್ಟು ಸಡಿಲವಾಗುತ್ತಿರಬಹುದು ಅಥವಾ ಟೈರಿನ ಪದರ ಬಿಡುತ್ತಿರಬಹುದು. ‘ಹೊಸಕೋಟೆ ಮುಟ್ಟಿದ ಮೇಲೆ ನೋಡೋಣ’ ಎನ್ನಬಾರದು. ತಕ್ಷಣ ನಿಲ್ಲಿಸಬೇಕು. ಟೈರಿನಲ್ಲಿ ಉಬ್ಬು ಕಂಡರೆ, ನಟ್ಟು ಅಥವಾ ಬೋಲ್ಟು ಮುರಿದಿದ್ದರೆ, ಟೈರಾಡ್ ತುದಿ ಇಲ್ಲವೆ ಬಾಲ್‌ಜಾಯಿಂಟಿನಲ್ಲಿ ಕೈಗೆ ಸಿಗುವಷ್ಟು ಸಡಿಲವಿದ್ದರೆ, ರಿಪೇರಿಯಾಗುವವರೆಗೆ ವಾಹನವನ್ನು ಹೆದ್ದಾರಿಗೆ ಒಯ್ಯಬಾರದು. ಟೈರಾಡ್ ತುದಿ ಕಳಚಿದ ಗಳಿಗೆಯಲ್ಲಿ ಸ್ಟಿಯರಿಂಗ್ ಒಂದು ಕಡೆ, ಚಕ್ರ ಇನ್ನೊಂದು ಕಡೆ. ಅಂಥ ವಾಹನದ ಹಿಂಬದಿಯಲ್ಲಿ ಕೂಲಿಯಾಳುಗಳು ಕುಳಿತಿರುವುದೂ ಉಂಟು. ಸರಕಿನ ವಾಹನದ ಹಿಂದೆ ಜನರನ್ನು ಕೂರಿಸುವುದು ಎಂದಿಗೂ ಸರಿಯಲ್ಲ. ನಡುಗುವ ವಾಹನದಲ್ಲಿ ಅದು ಪ್ರಾಣಕ್ಕೇ ಕುತ್ತು.

ಅನುಸರಿಸಬೇಕಾದ ಕ್ರಮ

ಮೊದಲು ಮಣ್ಣು ತೆಗೆಯುವುದು, ಗಾಳಿ ಮತ್ತು ನಟ್ಟು ನೋಡುವುದು. ಎರಡನೆಯದು ಟೈರು ಮತ್ತು ರಿಮ್ಮಿನ ಪರೀಕ್ಷೆ. ಮೂರನೆಯದು ಜಾಕು ಹಾಕಿ ಕೀಲುಗಳ ಪರೀಕ್ಷೆ. ಸಡಿಲವಿದ್ದರೆ ಮೊದಲು ಅದರ ರಿಪೇರಿ. ನಾಲ್ಕನೆಯದು ಬ್ಯಾಲೆನ್ಸಿಂಗ್. ಐದನೆಯದು ಅಲೈನ್‌ಮೆಂಟ್. ಇಷ್ಟಾದರೂ ನಿಲ್ಲದಿದ್ದರೆ ಮಾತ್ರ ಬ್ರೇಕ್ ಡಿಸ್ಕು, ಪ್ರೊಪೆಲರ್ ಶಾಫ್ಟಿನ ಕಡೆ ಹೋಗಬೇಕು. ಈ ಕ್ರಮದಲ್ಲಿ ಖರ್ಚಿಲ್ಲದ ಕೆಲಸ ಮೊದಲು, ಖರ್ಚಿನ ಕೆಲಸ ಕೊನೆಗೆ ಬರುತ್ತದೆ.

ವಿಸ್ತರಣಾ ಕಾರ್ಯಕರ್ತರು ಟ್ರಾಕ್ಟರ್ ಮತ್ತು ಪಂಪ್‌ಸೆಟ್ಟುಗಳ ಪ್ರಾತ್ಯಕ್ಷಿಕೆ ಏರ್ಪಡಿಸುವಾಗ, ಊರಿನ ಒಂದು ಪಿಕಪ್ ವಾಹನ ನಿಲ್ಲಿಸಿ ಜಾಕಿನ ಪರೀಕ್ಷೆಯನ್ನೂ ತೋರಿಸಿಕೊಡುವುದು ಒಳ್ಳೆಯದು. ಅರ್ಧ ಗಂಟೆಯ ಕೆಲಸ. ಒಮ್ಮೆ ಕೈಯಾರೆ ಸಡಿಲವನ್ನು ಮುಟ್ಟಿ ನೋಡಿದ ರೈತ ಅದನ್ನು ಮರೆಯುವುದಿಲ್ಲ.

ಕಗ್ಗದಾಸಪುರದ ಹೊಂಡಕ್ಕೆ ಚಕ್ರ ಬಿದ್ದ ನಮ್ಮ ಉದಾಹರಣೆಯ ರೈತನು ಈ ಕ್ರಮ ಹಿಡಿದಿದ್ದರೆ ಎಂಜಿನ್ನನ್ನು ಬಿಚ್ಚಿಸುತ್ತಿರಲಿಲ್ಲ. ರಿಮ್ಮಿನ ಅಂಚಿನಲ್ಲಿ ತೂಕದ ತುಂಡು ಉದುರಿ ಹೋದ ಗುರುತು ಬೆರಳಗಲ ಕಾಣುತ್ತಿತ್ತು. ಇಷ್ಟನ್ನು ಅವನು ಹೆದ್ದಾರಿಗೆ ಹೋಗುವ ಮೊದಲೇ ನೋಡಬಹುದಿತ್ತು. ದೊಡ್ಡ ಹೊಂಡಕ್ಕೆ ಬಿದ್ದ ದಿನ, ಮಾಲು ಇಳಿಸಿದ ಜಾಗದಲ್ಲೇ ಐದು ನಿಮಿಷ ಬಗ್ಗಿ ನಾಲ್ಕು ಚಕ್ರಗಳನ್ನು ನೋಡಿ, ಆಮೇಲೆ ಊರಿನ ದಾರಿ ಹಿಡಿಯುವುದನ್ನು ಪ್ರತಿಯೊಬ್ಬ ರೈತನೂ ಅಭ್ಯಾಸ ಮಾಡಿಕೊಳ್ಳಬೇಕು.